ಶೈತ್ಯಕ್ಕೆ ಕಾವಲಿದ್ದವನು: ಸರ್ ಜೇಮ್ಸ್ ಡ್ಯೂವಾರ್

ಮನುಷ್ಯನ ಹೆಸರು ಲೋಕದಲ್ಲಿ ಉಳಿಯುವ ಬಗೆ ಒಂದೇ ಅಲ್ಲ. ಕೆಲವರ ಹೆಸರು ಶಿಲಾಶಾಸನದಲ್ಲಿ ನಿಲ್ಲುತ್ತದೆ, ಕೆಲವರದು ಗ್ರಂಥಗಳಲ್ಲಿ. ಇನ್ನು ಕೆಲವರ ಕೃತಿ ದಿನಬಳಕೆಯ ವಸ್ತುವಾಗಿ ಮನೆಮನೆಯನ್ನೂ ಹೊಗುತ್ತದೆ. ಕರ್ತೃವಿನ ಹೆಸರು ಮಾತ್ರ ಹೊಸ್ತಿಲ ಹೊರಗೇ ಉಳಿದುಬಿಡುತ್ತದೆ. ನಾರದಮುನಿಯ ದೇವಾಲಯದಿಂದ ಹೆಸರಾದ ಚಿಗಟೇರಿಯ ಸೀಮೆಯಲ್ಲಿ, ಹರಪನಹಳ್ಳಿ ಕೊಟ್ಟೂರುಗಳ ಕಡೆಯ ಹಳ್ಳಿಗಳಲ್ಲಿ, ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸುವ ರೈತರು ಪಶುವೈದ್ಯರ ಬಳಿಯಿರುವ ಕಿರುಗೊರಳಿನ ಲೋಹದ ಪಾತ್ರೆಯನ್ನು ಕಂಡವರೇ. ಅದರ ಮುಚ್ಚಳ ತೆಗೆದೊಡನೆ ಬಿಳಿಯ ಹಬೆ ಹೊರಳಿಕೊಂಡು ಕೆಳಕ್ಕಿಳಿಯುತ್ತದೆ. ಒಳಗಿರುವುದು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕ. ಹೊರಗೆ ನಮ್ಮ ಬಯಲುಸೀಮೆಯ ಬೇಸಗೆ. ಇವೆರಡರ ನಡುವೆ ಇರುವುದು ಎರಡು ತೆಳುಗೋಡೆಗಳು ಮತ್ತು ಅವುಗಳ ಮಧ್ಯದ ಬರಿಯ ಶೂನ್ಯ.

ಆ ಶೂನ್ಯವನ್ನು ಮೊದಲು ಕಾವಲಿಗೆ ನಿಲ್ಲಿಸಿದವನು ಜೇಮ್ಸ್ ಡ್ಯೂವಾರ್. ದೊಡ್ಡ ಆಸ್ಪತ್ರೆಗಳ ಆವರಣದಲ್ಲಿ ನಿಂತಿರುವ ದ್ರವ ಆಮ್ಲಜನಕದ ಎತ್ತರದ ತೊಟ್ಟಿ, ಪ್ರಯಾಣಿಕರು ಕಾಫಿಯನ್ನು ಬಿಸಿಯಾಗಿ ಒಯ್ಯುವ ಥರ್ಮಾಸ್ ಸೀಸೆ, ಪಶುವೈದ್ಯರ ಪಾತ್ರೆ, ಈ ಮೂರೂ ಒಂದೇ ಬೀಜದ ಮರಗಳು. ಶೈತ್ಯವನ್ನು ಹುಟ್ಟಿಸುವ ಕೆಲಸದಲ್ಲಿ ಆತನಿಗೆ ಸರಿಸಾಟಿಗಳಿದ್ದರು. ಒಬ್ಬಿಬ್ಬರು ಆತನನ್ನು ಮೀರಿಸಿದರು. ಆದರೆ ಹುಟ್ಟಿದ ಶೈತ್ಯ ಸೋರಿಹೋಗದಂತೆ ಕಾಯುವುದೇ ಅರ್ಧ ವಿದ್ಯೆಯೆಂಬುದನ್ನು ಮೊದಲು ಕಂಡುಕೊಂಡವನು ಆತನೇ. ಆತನ ಜೀವನದ ಹಿರಿಮೆಯೂ ಅದರ ನೋವೂ ಈ ಒಂದು ಮಾತಿನಲ್ಲಿ ಅಡಗಿವೆ.

ಸ್ಕಾಟ್ಲೆಂಡಿನ ಫೋರ್ತ್ ನದಿಯ ದಂಡೆಯಲ್ಲಿರುವ ಕಿಂಕಾರ್ಡಿನ್ ಎಂಬ ಚಿಕ್ಕ ಊರಿನಲ್ಲಿ 1842ನೆಯ ಇಸವಿ ಸೆಪ್ಟೆಂಬರ್ 20ರಂದು ಡ್ಯೂವಾರ್ ಹುಟ್ಟಿದನು. ತಂದೆ ಅಲ್ಲಿ ಪ್ರವಾಸಿಗರ ವಸತಿಗೃಹವೊಂದನ್ನು ನಡೆಸುತ್ತಿದ್ದನು. ಗಂಡುಮಕ್ಕಳಲ್ಲಿ ಜೇಮ್ಸನೇ ಕಿರಿಯವನು. ಹತ್ತು ವರ್ಷದ ಬಾಲಕನಾಗಿದ್ದಾಗ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೊಳದ ಮೇಲೆ ಹೋಗಿ, ಮಂಜುಗಡ್ಡೆ ಒಡೆದು, ಕೆಳಗಿನ ನೀರಿಗೆ ಬಿದ್ದನು. ಪ್ರಾಣ ಉಳಿಯಿತು, ಆದರೆ ಕೀಲುಕೀಲುಗಳನ್ನು ಹಿಡಿದುಕೊಂಡ ಜ್ವರ ಸುಮಾರು ಎರಡು ವರ್ಷ ಆತನನ್ನು ಓಡಾಡಗೊಡಲಿಲ್ಲ. ಆಟ ತಪ್ಪಿತು, ಪಾಠ ತಪ್ಪಿತು. ಆ ದಿನಗಳಲ್ಲಿ ಊರಿನ ಬಡಗಿಯ ಬಳಿ ಕುಳಿತು ಆತ ಪಿಟೀಲು ಮಾಡುವುದನ್ನು ಕಲಿತನು. ತೆಳುವಾದ ಮರವನ್ನು ಕೂದಲೆಳೆಯ ಲೆಕ್ಕದಲ್ಲಿ ಹೆರೆಯುವ, ಸಂದಿಲ್ಲದಂತೆ ಅಂಟಿಸುವ ಆ ಕೆಲಸವೇ ಮುಂದಿನ ಪ್ರಯೋಗಕೌಶಲಕ್ಕೆ ತಳಹದಿಯಾಯಿತೆಂದು ಆತ ಕಡೆಯವರೆಗೂ ನಂಬಿದ್ದನು. 1854ರಲ್ಲಿ ಮಾಡಿದ ಒಂದು ಪಿಟೀಲನ್ನು 1921ರಲ್ಲಿ ಆತನ ಮದುವೆಯ ಸುವರ್ಣೋತ್ಸವದಲ್ಲಿ ನುಡಿಸಿದರು. ತಣ್ಣೀರು ಕೊಟ್ಟ ಪೆಟ್ಟು ಕೈಗೆ ಕಸುಬನ್ನೂ ಕೊಟ್ಟು ಹೋಗಿತ್ತು.

ಹದಿನೈದು ತುಂಬುವಷ್ಟರಲ್ಲಿ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಡಾಲರ್ ಎಂಬ ಊರಿನ ಶಾಲೆಯಲ್ಲಿ ಓದು ಮುಗಿಸಿ ಡ್ಯೂವಾರ್ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದನು. ಅಲ್ಲಿ ಭೌತಶಾಸ್ತ್ರಕ್ಕೆ ಜೇಮ್ಸ್ ಫೋರ್ಬ್ಸ್, ರಸಾಯನಶಾಸ್ತ್ರಕ್ಕೆ ಲಯನ್ ಪ್ಲೇಫೇರ್ ಗುರುಗಳಾಗಿ ದೊರೆತರು. ಪ್ಲೇಫೇರನ ಸಹಾಯಕನಾಗಿ ಕೆಲಕಾಲ ದುಡಿದು, 1867ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರಕ್ಕೆ ಹೋಗಿ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಕೆಕುಲೆಯ ಪ್ರಯೋಗಶಾಲೆಯನ್ನು ಕಂಡುಬಂದನು. ಹಿಂದಿರುಗಿದ ಮೇಲೆ ಎಡಿನ್‌ಬರೋ ನಗರದ ಪಶುವೈದ್ಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದನು. ಇಂದು ಆತನ ಪಾತ್ರೆಯನ್ನು ಹಳ್ಳಿಹಳ್ಳಿಗೆ ಒಯ್ಯುತ್ತಿರುವವರು ಪಶುವೈದ್ಯರೇ ಎಂಬುದನ್ನು ನೆನೆದರೆ ಈ ಸಣ್ಣ ಸಂಗತಿಗೂ ಒಂದು ಸೊಗಸು ಬರುತ್ತದೆ. 1871ರಲ್ಲಿ ಹೆಲೆನ್ ಬ್ಯಾಂಕ್ಸ್ ಎಂಬಾಕೆಯನ್ನು ವರಿಸಿದನು. ಮಕ್ಕಳಾಗಲಿಲ್ಲ, ಆದರೆ ದಾಂಪತ್ಯ ಅರ್ಧ ಶತಮಾನಕ್ಕೂ ಮಿಗಿಲಾಗಿ ಸುಖವಾಗಿ ಸಾಗಿತು. 1875ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಠವೂ 1877ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪೀಠವೂ ದೊರೆತವು. ಎರಡನ್ನೂ ಆತ ಸಾಯುವವರೆಗೆ ಬಿಟ್ಟುಕೊಡಲಿಲ್ಲ.

ರಾಯಲ್ ಇನ್‌ಸ್ಟಿಟ್ಯೂಷನ್ ಸಾಮಾನ್ಯ ಸ್ಥಳವಲ್ಲ. ಹಂಫ್ರಿ ಡೇವಿ, ಮೈಕೇಲ್ ಫ್ಯಾರಡೆ ಎಂಬ ಮಹಾನುಭಾವರು ದುಡಿದ ತಪೋಭೂಮಿ ಅದು. 1823ರಲ್ಲಿ ಫ್ಯಾರಡೆ ಅಲ್ಲಿಯೇ ಕ್ಲೋರೀನ್ ಅನಿಲವನ್ನು ದ್ರವವಾಗಿಸಿದ್ದನು. ಮುಂದೆ ಆತ ಹಲವು ಅನಿಲಗಳನ್ನು ಹೀಗೆ ಪಳಗಿಸಿದರೂ ಆಮ್ಲಜನಕ, ಸಾರಜನಕ, ಜಲಜನಕ ಮೊದಲಾದ ಕೆಲವು ಮಣಿಯಲಿಲ್ಲ. ಎಷ್ಟು ಒತ್ತಿದರೂ ಅನಿಲವಾಗಿಯೇ ಉಳಿದ ಇವಕ್ಕೆ ಶಾಶ್ವತಾನಿಲಗಳೆಂಬ ಹೆಸರೇ ಬಿದ್ದಿತು. ಡ್ಯೂವಾರ್ ಲಂಡನ್ನಿಗೆ ಬಂದ ವರ್ಷವೇ, 1877ರ ಡಿಸೆಂಬರಿನಲ್ಲಿ, ಫ್ರಾನ್ಸಿನ ಕಾಯೆತೆ ಮತ್ತು ಸ್ವಿಟ್ಜರ್ಲೆಂಡಿನ ಪಿಕ್ತೆ ಬೇರೆಬೇರೆಯಾಗಿ ಆಮ್ಲಜನಕದ ಮಂಜನ್ನು ಕ್ಷಣಮಾತ್ರ ಕಂಡರು. 1883ರಲ್ಲಿ ಪೋಲೆಂಡಿನ ಕ್ರಾಕೋ ನಗರದ ರೋಬ್ಲೆವ್‌ಸ್ಕಿ ಮತ್ತು ಓಲ್‌ಶೆವ್‌ಸ್ಕಿ ಎಂಬವರು ಅದನ್ನು ಕೊಳವೆಯಲ್ಲಿ ನೀರಿನಂತೆ ನಿಲ್ಲಿಸಿ ತೋರಿಸಿದರು. ಮರುವರ್ಷವೇ ಡ್ಯೂವಾರ್ ಲಂಡನ್ನಿನ ಸಭಿಕರ ಮುಂದೆ ದ್ರವ ಆಮ್ಲಜನಕವನ್ನು ಪ್ರದರ್ಶಿಸಿದನು. ಅಲ್ಲಿಂದ ಮುಂದೆ ಶೈತ್ಯವೇ ಆತನ ಜೀವನದ ಗುರಿಯಾಯಿತು.

ಇಲ್ಲಿ ಕಥೆಯನ್ನು ಒಂದಿಷ್ಟು ನಿಲ್ಲಿಸಿ, ಆತ ಎದುರಿಸಿದ ಶತ್ರುವಿನ ಸ್ವರೂಪವನ್ನು ವಾಚಕರು ತಿಳಿಯುವುದು ಒಳ್ಳೆಯದು. ಉಷ್ಣವು ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ತಾನಾಗಿ ಹರಿಯುತ್ತದೆ. ಅದನ್ನು ಎದುರು ದಿಕ್ಕಿಗೆ ಒಯ್ಯಬೇಕಾದರೆ ಬಾವಿಯಿಂದ ನೀರೆತ್ತುವಂತೆ ದುಡಿಯಬೇಕು. ಈ ದುಡಿಮೆಯ ಕನಿಷ್ಠ ಬೆಲೆ ಎಷ್ಟೆಂಬ ವಿಚಾರದ ಬೀಜವನ್ನು ಫ್ರಾನ್ಸಿನ ತರುಣ ಎಂಜಿನಿಯರ್ ಸಾದಿ ಕಾರ್ನೋ 1824ರಲ್ಲಿಯೇ ಬಿತ್ತಿದ್ದನು. ಅದರಿಂದ ಬೆಳೆದ ಉಷ್ಣಗತಿಶಾಸ್ತ್ರದ ಲೆಕ್ಕ ಹೀಗಿದೆ: ನಮ್ಮ ಕೋಣೆಯ ಉಷ್ಣಮಾನವನ್ನು ನಿರಪೇಕ್ಷ ಶೂನ್ಯದಿಂದ 300 ಡಿಗ್ರಿ ಎಂದಿಟ್ಟುಕೊಂಡರೆ, ದ್ರವ ಸಾರಜನಕದ ಮಟ್ಟದಿಂದ, ಎಂದರೆ 77 ಡಿಗ್ರಿಯಿಂದ, ಒಂದು ಪಾಲು ಉಷ್ಣವನ್ನು ಮೇಲೆತ್ತಲು ಸುಮಾರು 3 ಪಾಲು ದುಡಿಮೆ ಬೇಕು. ದ್ರವ ಜಲಜನಕದ 20 ಡಿಗ್ರಿಯಿಂದ ಎತ್ತಲು 14 ಪಾಲು ಬೇಕು. ದ್ರವ ಹೀಲಿಯಮಿನ 4.2 ಡಿಗ್ರಿಯಿಂದಾದರೆ 70 ಪಾಲು. ಇದು ಎಲ್ಲಿಯೂ ಘರ್ಷಣೆಯಿಲ್ಲದ, ಒಂದು ಹನಿಯೂ ಸೋರದ ಆದರ್ಶ ಯಂತ್ರದ ಲೆಕ್ಕ. ಲೋಕದ ಯಂತ್ರಗಳು ಇದರ ಹಲವು ಪಟ್ಟು ಬೇಡುತ್ತವೆ. ಹಿಂದೆ ನಮ್ಮ ಹೊಲಗಳಲ್ಲಿ ಕಪಿಲೆ ಹೊಡೆದವರಿಗೆ ಈ ಕಷ್ಟ ಹೊಸದಲ್ಲ. ಬಾವಿ ಆಳವಾದಷ್ಟೂ ಎತ್ತಿಗೆ ಶ್ರಮ. ಚರ್ಮದ ಬಾನಿಯಲ್ಲಿ ತೂತಿದ್ದರೆ ಮೇಲೆ ಬರುವಷ್ಟರಲ್ಲಿ ಅರ್ಧ ನೀರು ಮರಳಿ ಬಾವಿಗೇ. ಆದರೆ ಶೈತ್ಯದ ಬಾವಿ ಇನ್ನೂ ವಿಚಿತ್ರವಾದದ್ದು. ಅಲ್ಲಿ ತಳದ ಒಂದೊಂದು ಮೊಳ ಆಳಕ್ಕೂ ಮೇಲಿನ ಹತ್ತಾರು ಮೊಳಗಳ ಬೆಲೆ ತೆರಬೇಕು.

ಇಷ್ಟು ಬೆಲೆ ಕೊಟ್ಟು ಪಡೆದ ದ್ರವವಾದರೂ ಎಷ್ಟು ಹೊತ್ತು ನಿಲ್ಲುತ್ತದೆ? ಒಂದು ಲೀಟರ್ ಕುದಿಯುವ ನೀರನ್ನು ಪೂರ್ತಿ ಆವಿಯಾಗಿಸುವುದಕ್ಕೆ 2,000 ಕಿಲೋಜೌಲಿಗೂ ಹೆಚ್ಚು ಶಾಖ ಬೇಕು. ಒಂದು ಲೀಟರ್ ದ್ರವ ಸಾರಜನಕಕ್ಕೆ 160 ಸಾಕು. ಹೀಲಿಯಮಿಗಂತೂ ಮೂರಕ್ಕಿಂತ ಕಡಿಮೆ; ಒಂದೇ ಒಂದು ವ್ಯಾಟಿನಷ್ಟು ಶಾಖ ಒಳಹೊಕ್ಕರೆ ಮುಕ್ಕಾಲು ಗಂಟೆಯೊಳಗೆ ಒಂದು ಲೀಟರ್ ಹೀಲಿಯಂ ಮಾಯ. ಎಂದ ಮೇಲೆ ಯಂತ್ರವನ್ನು ಎಷ್ಟು ದೊಡ್ಡದು ಮಾಡಿದರೇನು, ಪಾತ್ರೆ ಸೋರಿದರೆ ಎಲ್ಲವೂ ವ್ಯರ್ಥ. ಆ ಕಾಲದ ವಿಜ್ಞಾನಿಗಳು ದ್ರವಾನಿಲಗಳನ್ನು ಒಂದರೊಳಗೊಂದಿಟ್ಟ ಗಾಜಿನ ಕೊಳವೆಗಳಲ್ಲಿ ಹಿಡಿಯುತ್ತಿದ್ದರು. ಗಾಜಿನ ಮೇಲೆ ಹಿಮ ಮುಸುಕಿ ಒಳಗಿನದು ಕಾಣಿಸದಾಗುತ್ತಿತ್ತು; ಕಾಣುವಂತೆ ಒರೆಸುವಷ್ಟರಲ್ಲಿ ದ್ರವ ಕುದಿದು ಹಾರಿಹೋಗುತ್ತಿತ್ತು. ಗುಣಗಳನ್ನು ಅಳೆಯುವುದಿರಲಿ, ಕಣ್ತುಂಬ ನೋಡುವುದೂ ದುಸ್ತರವಾಗಿತ್ತು.

ಡ್ಯೂವಾರ್ 1892ರಲ್ಲಿ ಈ ತೊಡಕನ್ನು ಬಿಡಿಸಿದನು. ಎಡಿನ್‌ಬರೋ ನಗರದಲ್ಲಿದ್ದಾಗಲೇ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಶಾಖವನ್ನು ಅಳೆಯುವ ಒಂದು ಪ್ರಯೋಗಕ್ಕಾಗಿ ಆತ ನಿರ್ವಾತದ ಹೊದಿಕೆಯಿದ್ದ ಲೋಹದ ಪಾತ್ರೆಯನ್ನು ಬಳಸಿದ್ದನು. ಅದು ಈಗ ನೆನಪಿಗೆ ಬಂದಿತು. ಉಷ್ಣ ನುಗ್ಗುವ ದಾರಿಗಳು ಮೂರು: ವಸ್ತುವಿನ ಮೈಯೊಳಗೆ ಹರಿದುಬರುವುದು, ಗಾಳಿಯ ಚಲನೆಯೊಡನೆ ಬರುವುದು, ಬೆಳಕಿನಂತೆ ಕಿರಣವಾಗಿ ಬರುವುದು. ಎರಡು ಗಾಜಿನ ಸೀಸೆಗಳನ್ನು ಒಂದರೊಳಗೊಂದಿಟ್ಟು, ಕೊರಳಿನಲ್ಲಿ ಮಾತ್ರ ಬೆಸೆದು, ನಡುವಣ ಗಾಳಿಯನ್ನು ಹೀರಿ ತೆಗೆದರೆ ಎರಡನೆಯ ದಾರಿ ಮುಚ್ಚಿತು. ಮೊದಲನೆಯದು ಕೊರಳಿನ ಕಿರಿದಾದ ಗಾಜಿಗಷ್ಟೇ ಸೀಮಿತವಾಯಿತು. ಇಷ್ಟರಿಂದಲೇ ದ್ರವ ಆರಿಹೋಗುವ ವೇಗ ಐದನೆಯ ಒಂದು ಪಾಲಿಗೆ ಇಳಿಯಿತು. ಉಳಿದದ್ದು ಕಿರಣದ ದಾರಿ. ಅದಕ್ಕೆ ಶೂನ್ಯ ಅಡ್ಡಿಯಲ್ಲ. ಸೂರ್ಯನ ಶಾಖ ನಮ್ಮನ್ನು ಮುಟ್ಟುವುದೂ ಶೂನ್ಯದ ಮೂಲಕವೇ ಅಲ್ಲವೇ? ಅದನ್ನು ತಡೆಯಲು ಡ್ಯೂವಾರ್ ಗೋಡೆಗಳ ಒಳಮೈಗೆ ಬೆಳ್ಳಿಯ ಕನ್ನಡಿಲೇಪ ಕೊಟ್ಟನು. ಕಿರಣಗಳು ಬಂದ ದಾರಿಯಲ್ಲಿಯೇ ಹಿಂದಿರುಗಿದವು. ಒಟ್ಟು ನಷ್ಟ ಮೊದಲಿನ ಮೂವತ್ತರಲ್ಲಿ ಒಂದು ಪಾಲಿಗೆ ಬಂದಿತು. ದ್ರವ ವಾಯು ಈಗ ಮೇಜಿನ ಮೇಲೆ ನೀರಿನಂತೆ ನೆಮ್ಮದಿಯಾಗಿ ನಿಂತಿತು. ಲೋಹಗಳ ವಿದ್ಯುದ್ವಾಹಕತೆ, ಆಮ್ಲಜನಕದ ಕಾಂತಗುಣ, ಪದಾರ್ಥಗಳ ಬಲ ಮುಂತಾದವನ್ನು ಆ ಶೈತ್ಯದಲ್ಲಿ ಸಾವಧಾನವಾಗಿ ಅಳೆಯುವುದು ಸಾಧ್ಯವಾಯಿತು.

ಇಷ್ಟು ದೊಡ್ಡ ಉಪಕಾರವನ್ನು ಡ್ಯೂವಾರ್ ಪೇಟೆಂಟಿನ ಬೇಲಿಯೊಳಗೆ ಇಡಲಿಲ್ಲ. ಬರ್ಲಿನ್ನಿನ ಗಾಜಿನ ಕುಶಲಕರ್ಮಿ ರೈನ್‌ಹೋಲ್ಡ್ ಬರ್ಗರ್, ಶೈತ್ಯವನ್ನು ಕಾಯುವ ಸೀಸೆ ಬಿಸಿಯನ್ನೂ ಕಾಯಬಲ್ಲದೆಂದು ಕಂಡು, ಅದಕ್ಕೆ ಲೋಹದ ಹೊರಕವಚ ತೊಡಿಸಿ 1903ರಲ್ಲಿ ತನ್ನ ಹೆಸರಿನಲ್ಲಿ ಹಕ್ಕು ಪಡೆದನು. ಮರುವರ್ಷ ಥರ್ಮಾಸ್ ಎಂಬ ಹೆಸರಿನಲ್ಲಿ ಅದು ಅಂಗಡಿಗೆ ಬಂದಿತು. ಲೋಕವೆಲ್ಲ ಕೊಂಡ ಆ ಸೀಸೆಯಿಂದ ಮೂಲಕರ್ತನಿಗೆ ಏನೂ ದಕ್ಕಲಿಲ್ಲ. ಆತನಿಗೆ ಪೇಟೆಂಟಿನ ವಿಷಯ ತಿಳಿಯದೆಂದಲ್ಲ. ಫ್ರೆಡರಿಕ್ ಏಬಲ್ ಎಂಬವನೊಡನೆ ಸೇರಿ ಆತ ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದನ್ನು ರೂಪಿಸಿದ್ದನು. ತನ್ನ ಹಕ್ಕಿಗೆ ಚ್ಯುತಿ ಬಂದಿತೆಂದು ಆಲ್ಫ್ರೆಡ್ ನೊಬೆಲನ ಪಕ್ಷ ಹೂಡಿದ ವ್ಯಾಜ್ಯ 1895ರಲ್ಲಿ ಇಂಗ್ಲೆಂಡಿನ ಅತ್ಯುಚ್ಚ ನ್ಯಾಯಪೀಠದವರೆಗೂ ಹೋಗಿ, ನೊಬೆಲನಿಗೆ ಸೋಲಾಯಿತು. ಮದ್ದಿನ ವಿಷಯದಲ್ಲಿ ಇಷ್ಟು ವ್ಯವಹಾರವನ್ನು ಕಂಡಿದ್ದವನು ಸೀಸೆಯ ವಿಷಯದಲ್ಲಿ ಕೈಬಿಟ್ಟದ್ದು, ಅದನ್ನು ವಿಜ್ಞಾನದ ಸಾಧನವೆಂದು ಬಗೆದನೇ ಹೊರತು ಸರಕೆಂದು ಬಗೆಯದಿದ್ದುದರಿಂದಲೇ ಇರಬೇಕು.

ಪಾತ್ರೆ ಸಿದ್ಧವಾದ ಮೇಲೆ ಜಲಜನಕದ ಸರದಿ. ಒತ್ತಿಹಿಡಿದ ಅನಿಲವನ್ನು ಕಿರುರಂಧ್ರದಿಂದ ಹಿಗ್ಗಗೊಟ್ಟರೆ ಅದು ಒಂದಿಷ್ಟು ತಣಿಯುತ್ತದೆ. ಆ ತಣಿದ ಅನಿಲದಿಂದಲೇ ಮುಂದೆ ಬರುವ ಅನಿಲವನ್ನು ತಣಿಸಿ, ತಣಿವಿನ ಮೇಲೆ ತಣಿವನ್ನು ಪೇರಿಸುತ್ತ ಹೋಗುವ ಉಪಾಯಕ್ಕೆ 1895ರಲ್ಲಿ ಜರ್ಮನಿಯ ಲಿಂಡೆ ಮತ್ತು ಇಂಗ್ಲೆಂಡಿನ ಹ್ಯಾಂಪ್ಸನ್ ಹಕ್ಕು ಪಡೆದರು. ಹೊರಹೋಗುವ ಶೈತ್ಯವನ್ನು ವ್ಯರ್ಥಮಾಡದೆ ಒಳಬರುವ ಅನಿಲಕ್ಕೆ ದಾಟಿಸುವ ಈ ಮಿತವ್ಯಯವೇ ಇಂದಿಗೂ ಎಲ್ಲ ಶೈತ್ಯಯಂತ್ರಗಳ ಹೃದಯ. ಆದರೆ ಜಲಜನಕಕ್ಕೆ ಒಂದು ಹಟವಿದೆ. ಸಾಮಾನ್ಯ ಉಷ್ಣಮಾನದಲ್ಲಿ ಅದನ್ನು ಹಿಗ್ಗಿಸಿದರೆ ತಣಿಯುವುದಿಲ್ಲ, ತುಸು ಕಾವೇರುತ್ತದೆ. ಅದನ್ನು ಮೊದಲೇ ಬಹಳ ತಣಿಸಿಟ್ಟರೆ ಮಾತ್ರ ಈ ಉಪಾಯ ಫಲಿಸುತ್ತದೆ. ಡ್ಯೂವಾರ್ ದ್ರವ ವಾಯುವಿನ ನೆರವಿನಿಂದ ಜಲಜನಕವನ್ನು ಸೊನ್ನೆಗಿಂತ 205 ಡಿಗ್ರಿ ಕೆಳಗಿಳಿಸಿ, 180 ವಾಯುಭಾರಗಳ ಒತ್ತಡದಿಂದ ರಂಧ್ರದ ಮೂಲಕ ತನ್ನ ಬೆಳ್ಳಿಲೇಪದ ಸೀಸೆಯೊಳಕ್ಕೆ ಹರಿಸಿದನು. 1898ನೆಯ ಇಸವಿ ಮೇ 10ರಂದು ಸೀಸೆಯ ತಳದಲ್ಲಿ ಇಪ್ಪತ್ತು ಘನ ಸೆಂಟಿಮೀಟರಿನಷ್ಟು ತಿಳಿಯಾದ ದ್ರವ ನಿಂತಿತು. ಹರಿಸಿದ ಅನಿಲದಲ್ಲಿ ದ್ರವವಾದದ್ದು ನೂರಕ್ಕೆ ಸುಮಾರು ಒಂದು ಪಾಲು ಮಾತ್ರ. ಮುಂದಿನ ವರ್ಷ ಆತ ಅದನ್ನು ಹೆಪ್ಪುಗಟ್ಟಿಸಿ ಘನರೂಪದಲ್ಲಿಯೂ ಕಂಡನು. ನಿರಪೇಕ್ಷ ಶೂನ್ಯಕ್ಕೆ ಹದಿನಾಲ್ಕು ಡಿಗ್ರಿಗಳಷ್ಟು ಹತ್ತಿರ ಮನುಷ್ಯನ ಕೈ ತಲುಪಿತ್ತು.

ಆ ಕಾಲದ ಇನ್ನೊಂದು ಕಾಣಿಕೆಯನ್ನು ಕನ್ನಡಿಗರು ವಿಶೇಷ ಪ್ರೀತಿಯಿಂದ ನೆನೆಯಬಹುದು. ಇದ್ದಿಲಿಗೆ ಅನಿಲವನ್ನು ಹೀರುವ ಗುಣವುಂಟು. ಆ ಇದ್ದಿಲನ್ನು ದ್ರವ ವಾಯುವಿನಿಂದ ತಣಿಸಿದರೆ ಈ ಗುಣ ಹಲವು ಪಟ್ಟು ಹೆಚ್ಚುತ್ತದೆಂದು ಡ್ಯೂವಾರ್ ತೋರಿಸಿದನು. ಪಂಪಿಗೆ ಸಿಕ್ಕದೆ ಉಳಿದ ಕಡೆಯ ಗಾಳಿಯನ್ನೂ ಅದು ನುಂಗಿ ನಿರ್ವಾತವನ್ನು ಪರಿಪೂರ್ಣತೆಯ ಹತ್ತಿರಕ್ಕೆ ಒಯ್ಯುತ್ತಿತ್ತು. ಇದಕ್ಕೆ ಆತ ಮೆಚ್ಚಿ ಬಳಸಿದ್ದು ನಮ್ಮ ತೆಂಗಿನ ಚಿಪ್ಪಿನ ಇದ್ದಿಲು. ಈ ಉಪಾಯ ದೊರೆತ ಮೇಲೆ ಒಡೆಯುವ ಗಾಜನ್ನು ಬಿಟ್ಟು ಲೋಹದಲ್ಲಿಯೇ ಪಾತ್ರೆಗಳನ್ನು ಮಾಡುವುದು ಸಾಧ್ಯವಾಯಿತು. ಏಕೆಂದರೆ ಲೋಹದ ಮೈಯಿಂದ ಮೆಲ್ಲಮೆಲ್ಲನೆ ಹೊರಬರುವ ಅನಿಲವನ್ನು ಗೋಡೆಗಳ ನಡುವೆ ಇಟ್ಟ ಇದ್ದಿಲು ಹೀರಿಕೊಳ್ಳುತ್ತಿತ್ತು. ಹಳ್ಳಿಯ ಕಲ್ಲುದಾರಿಯಲ್ಲಿ ಕುಲುಕಾಡಿದರೂ ಕೆಡದ ಇಂದಿನ ಪಾತ್ರೆಗಳ ಮೂಲ ಇಲ್ಲಿದೆ.

ಇನ್ನುಳಿದದ್ದು ಹೀಲಿಯಂ ಒಂದೇ. ಇಲ್ಲಿಯೇ ಡ್ಯೂವಾರನ ಜೀವನದ ದುರಂತ ಮೊದಲಾಗುತ್ತದೆ. ಭೂಮಿಯ ಮೇಲೆ ಹೀಲಿಯಮನ್ನು 1895ರಲ್ಲಿ ಗುರುತಿಸಿದವನು ಅದೇ ಲಂಡನ್ನಿನ ವಿಲಿಯಂ ರ‍್ಯಾಮ್ಸೆ. ಅನಿಲಗಳನ್ನು ಶುದ್ಧಿಮಾಡುವ ವಿದ್ಯೆಯಲ್ಲಿ ಆತ ಅದ್ವಿತೀಯನು. ಒಬ್ಬನ ಬಳಿ ಶೈತ್ಯ, ಇನ್ನೊಬ್ಬನ ಬಳಿ ಹೀಲಿಯಂ. ಇಬ್ಬರ ಪ್ರಯೋಗಶಾಲೆಗಳ ನಡುವೆ ನಡೆದುಹೋಗುವಷ್ಟು ದೂರ. ಆದರೆ ಮನಸ್ಸುಗಳ ನಡುವಣ ಅಂತರ ಮಾತ್ರ ದಾಟಲಾರದ್ದಾಗಿತ್ತು. ರ‍್ಯಾಲೆ ಮತ್ತು ರ‍್ಯಾಮ್ಸೆ ಆರ್ಗಾನ್ ಅನಿಲವನ್ನು ಕಂಡುಹಿಡಿದಾಗ ಅದು ಹೊಸ ಧಾತುವೇ ಅಲ್ಲ, ಸಾರಜನಕದ ಇನ್ನೊಂದು ರೂಪವಿರಬೇಕೆಂದು ಡ್ಯೂವಾರ್ ಬಹಿರಂಗವಾಗಿ ಸಂಶಯಪಟ್ಟಿದ್ದನು. ಡ್ಯೂವಾರ್ ಜಲಜನಕದ ವಾರ್ತೆಯನ್ನು ಸಾರಿದಾಗ, ಅದನ್ನು ಓಲ್‌ಶೆವ್‌ಸ್ಕಿ ಮೊದಲೇ ಸಾಧಿಸಿದ್ದನೆಂದು ರ‍್ಯಾಮ್ಸೆ ವಿದ್ವತ್ಸಭೆಯಲ್ಲಿ ಆಕ್ಷೇಪಿಸಿ, ಬಳಿಕ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ಹ್ಯಾಂಪ್ಸನ್ನನೊಡನೆಯೂ ಪತ್ರಿಕೆಗಳಲ್ಲಿ ಕಹಿಯಾದ ವಾದ ನಡೆಯಿತು. ತಪ್ಪು ಒಂದೇ ಕಡೆಯದಲ್ಲ. ಆದರೆ ಮರೆಯುವ ಗುಣ ಯಾವ ಕಡೆಯಲ್ಲಿಯೂ ಇರಲಿಲ್ಲ. ಡ್ಯೂವಾರ್ ಇಂಗ್ಲೆಂಡಿನ ಬಾತ್ ಎಂಬ ಊರಿನ ಬಿಸಿನೀರ ಬುಗ್ಗೆಗಳಿಂದ ಬರುವ ಅನಿಲದಿಂದ ಅಲ್ಪಸ್ವಲ್ಪ ಹೀಲಿಯಂ ಸಂಗ್ರಹಿಸಿದನು. ಅದರಲ್ಲಿ ಬೆರೆತಿದ್ದ ನಿಯಾನ್ ಹೆಪ್ಪುಗಟ್ಟಿ ಕೊಳವೆಗಳನ್ನು ಕಟ್ಟಿಹಾಕುತ್ತಿತ್ತು. ಆ ನಿಯಾನನ್ನು ಬೇರ್ಪಡಿಸುವ ವಿದ್ಯೆಯಲ್ಲಿ ಪಳಗಿದ ರ‍್ಯಾಮ್ಸೆಯ ಬಾಗಿಲನ್ನು ಆತ ತಟ್ಟಲಿಲ್ಲ.

ಈ ಕಲಹದ ಒಂದು ಕವಲು ನಮ್ಮ ನಾಡಿನವರೆಗೂ ಹರಿದುಬಂದಿದೆ. ಜಮ್‌ಷೆಟ್‌ಜಿ ತಾತಾ ಅವರು ಯೋಜಿಸಿದ ವಿಜ್ಞಾನ ಸಂಸ್ಥೆಯ ವಿಚಾರವಾಗಿ ಸಲಹೆ ನೀಡಲು 1900ರಲ್ಲಿ ಭಾರತಕ್ಕೆ ಬಂದು, ಅದಕ್ಕೆ ಬೆಂಗಳೂರು ತಕ್ಕ ಸ್ಥಳವೆಂದು ಸೂಚಿಸಿದವನು ಇದೇ ರ‍್ಯಾಮ್ಸೆ. ರ‍್ಯಾಮ್ಸೆಯ ಬಲಗೈಯಾಗಿದ್ದ ಮಾರಿಸ್ ಟ್ರಾವರ್ಸ್, ಡ್ಯೂವಾರ್ ಕೊಡದ ನೆರವನ್ನು ಬೇಡದೆ, ಸ್ವತಃ ಜಲಜನಕವನ್ನು ದ್ರವವಾಗಿಸುವ ಯಂತ್ರವನ್ನು ಕಟ್ಟಿ ಅದರ ರಚನೆಯನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದನು. ಡ್ಯೂವಾರ್ ತನ್ನ ಯಂತ್ರದ ವಿವರಗಳನ್ನು ಹಾಗೆ ಬಿಚ್ಚಿಟ್ಟವನಲ್ಲ. ಆ ಟ್ರಾವರ್ಸನೇ 1906ರಲ್ಲಿ ಬೆಂಗಳೂರಿನ ಸಂಸ್ಥೆಯ ಪ್ರಥಮ ನಿರ್ದೇಶಕನಾಗಿ ನೇಮಕಗೊಂಡನು. ಮೈಸೂರು ಸರ್ಕಾರ ಕೊಟ್ಟ 371 ಎಕರೆ ಭೂಮಿಯಲ್ಲಿ ಕಟ್ಟಡಗಳೆದ್ದು 1911ರಲ್ಲಿ ಪಾಠಗಳು ಮೊದಲಾಗುವವರೆಗೆ ದುಡಿದು, 1914ರಲ್ಲಿ ಹಿಂದಿರುಗಿದನು. ಲಂಡನ್ನಿನಲ್ಲಿ ಶೈತ್ಯಕ್ಕಾಗಿ ನಡೆದ ಪೈಪೋಟಿಯಲ್ಲಿ ನಿಂತಿದ್ದವನೊಬ್ಬನ ಕೈಯಲ್ಲಿ ಕರ್ನಾಟಕದ ಒಂದು ಮಹಾವಿದ್ಯಾಸಂಸ್ಥೆ ರೂಪುಗೊಂಡಿತೆಂಬುದು ಸ್ಮರಿಸತಕ್ಕ ಸಂಗತಿ.

ಇತ್ತ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಒನ್ನೆಸ್ ಬೇರೆಯದೇ ರೀತಿಯಲ್ಲಿ ದುಡಿಯುತ್ತಿದ್ದನು. ಆತನ ಪ್ರಯೋಗಶಾಲೆ ಒಂದು ಕಾರ್ಖಾನೆಯಂತೆ. ಗಾಜು ಊದುವವರನ್ನೂ ಉಪಕರಣ ಮಾಡುವವರನ್ನೂ ತರಬೇತು ಮಾಡಲೆಂದೇ ಅಲ್ಲಿ ಶಾಲೆಯಿತ್ತು. ಪಡೆದ ಫಲಗಳನ್ನೆಲ್ಲ ಒಡನೊಡನೆ ಪ್ರಕಟಿಸುವುದು ಆತನ ಪದ್ಧತಿ. ಹೀಲಿಯಮಿಗೆ ಬೇಕಾದ ಮೊನಜೈಟ್ ಮರಳನ್ನು ಆತನ ಸೋದರ ಅಮೆರಿಕದಿಂದ ದೊರಕಿಸಿಕೊಟ್ಟನು. 1908ನೆಯ ಇಸವಿ ಜುಲೈ 10ರಂದು 75 ಲೀಟರ್ ದ್ರವ ವಾಯುವನ್ನೂ 20 ಲೀಟರ್ ದ್ರವ ಜಲಜನಕವನ್ನೂ ಸಿದ್ಧವಿಟ್ಟುಕೊಂಡು ಮುಂಜಾನೆಯಿಂದ ರಾತ್ರಿಯವರೆಗೆ ದುಡಿದು ಆತ ಪಡೆದದ್ದು 60 ಘನ ಸೆಂಟಿಮೀಟರ್ ದ್ರವ ಹೀಲಿಯಂ. ಒಂದು ಚಿಕ್ಕ ಲೋಟದ ತುಂಬ. ಆಳದ ಶೈತ್ಯ ಎಷ್ಟು ತುಟ್ಟಿಯೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. ಆದರೆ ಆ ಲೋಟವಾವುದು? ಹೀಲಿಯಮಿನ ಸುತ್ತ ದ್ರವ ಜಲಜನಕ, ಅದರ ಸುತ್ತ ದ್ರವ ವಾಯು, ಹೀಗೆ ಸುತ್ತುಸುತ್ತಾಗಿ ಕೋಟೆ ಕಟ್ಟಿ ನಿಂತಿದ್ದವು ಡ್ಯೂವಾರ್ ರೂಪಿಸಿದ ನಿರ್ವಾತದ ಗಾಜುಪಾತ್ರೆಗಳೇ. ಗೆದ್ದವನು ಗೆದ್ದದ್ದು ಸೋತವನ ಆಯುಧದಿಂದ. ರ‍್ಯಾಮ್ಸೆಗೆ 1904ರಲ್ಲಿ, ಒನ್ನೆಸ್ಸನಿಗೆ 1913ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಡ್ಯೂವಾರನಿಗೆ ಸರ್ ಪದವಿಯೂ ರಾಯಲ್ ಸೊಸೈಟಿಯ ಉನ್ನತ ಪದಕಗಳೂ ಬಂದವು. ಅದೊಂದು ಮಾತ್ರ ಬರಲಿಲ್ಲ.

ಆತನ ಸ್ವಭಾವ ಕಟುವಾದದ್ದೆಂದು ಸಮಕಾಲೀನರು ಏಕಕಂಠದಿಂದ ಹೇಳಿದ್ದಾರೆ. ಮಾತು ಹರಿತ, ಕೋಪ ಶೀಘ್ರ, ತನ್ನ ಕೆಲಸದಲ್ಲಿ ಅನ್ಯರ ಕೈಯನ್ನು ಸಹಿಸದ ಏಕಾಕಿತನ. ಒತ್ತಡದ ಅನಿಲಗಳೊಡನೆ ಆಡುವ ಆ ಕೆಲಸ ಅಪಾಯದ್ದು. ಆತನ ಸಹಾಯಕರಿಬ್ಬರು ಸ್ಫೋಟಗಳಲ್ಲಿ ಒಂದೊಂದು ಕಣ್ಣನ್ನು ಕಳೆದುಕೊಂಡರು. ಸಭಿಕರನ್ನು ಬೆರಗುಗೊಳಿಸುವ ಪ್ರದರ್ಶನಗಳ ಹಿಂದೆ ಅವರ ದುಡಿಮೆಯಿತ್ತೆಂಬುದನ್ನು ಮರೆಯಲಾಗದು. ಆದರೆ ಆತ ಬರಿಯ ಕಲಹಪ್ರಿಯನೆಂದರೆ ಅನ್ಯಾಯವಾದೀತು. ಕೇಂಬ್ರಿಜ್‌ನ ಜಾರ್ಜ್ ಲಿವಿಂಗ್ ಎಂಬ ಸಹೋದ್ಯೋಗಿಯೊಡನೆ ಆತ ವರ್ಣಪಟಲಗಳ ವಿಷಯದಲ್ಲಿ ದಶಕಗಳ ಕಾಲ ಜೊತೆಗೂಡಿ ದುಡಿದು, ಎಪ್ಪತ್ತಕ್ಕೂ ಮಿಗಿಲಾದ ಲೇಖನಗಳನ್ನು ಬರೆದನು. ಮನೆಗೆ ಬಂದವರನ್ನು ಆದರಿಸುವುದರಲ್ಲಿ ಧಾರಾಳಿ. ಚಿತ್ರಕಲೆ, ಸಂಗೀತಗಳಲ್ಲಿ ಆಸಕ್ತನು. ಸ್ನೇಹಕ್ಕೆ ಅಶಕ್ತನಾಗಿರಲಿಲ್ಲ, ಸ್ಪರ್ಧಿಯಲ್ಲಿ ಸ್ನೇಹಿತನನ್ನು ಕಾಣಲು ಮಾತ್ರ ಅಶಕ್ತನಾಗಿದ್ದನು.

ಲೈಡನ್ನಿನ ವಾರ್ತೆ ಬಂದ ಮೇಲೆ ಶೈತ್ಯದ ಪಂದ್ಯದಿಂದ ಆತ ಹಿಂದೆ ಸರಿದನು. 1914ರಲ್ಲಿ ಮೊದಲಾದ ಮಹಾಯುದ್ಧ ಹಣವನ್ನೂ ಕೆಲಸಗಾರರನ್ನೂ ಸೆಳೆದುಕೊಂಡಿತು. ಎಪ್ಪತ್ತು ದಾಟಿದ ವೃದ್ಧನು ದೊಡ್ಡ ಯಂತ್ರಗಳಿಲ್ಲದೆ ಮಾಡಬಹುದಾದ ಕೆಲಸವೊಂದನ್ನು ಹಿಡಿದನು: ಸಾಬೂನಿನ ಗುಳ್ಳೆ. ಕ್ಷಣದಲ್ಲಿ ಒಡೆಯುವುದೆಂದು ಗಾದೆಯಾಗಿರುವ ಆ ಗುಳ್ಳೆಯನ್ನು ಧೂಳಿಲ್ಲದ ಶುದ್ಧವಾಯುವಿನಲ್ಲಿ ತಿಂಗಳುಗಟ್ಟಲೆ ಉಳಿಸಿ, ಅದರ ಪೊರೆ ತೆಳುವಾಗುವ ಪರಿಯನ್ನು ಅಳೆದನು. ಆಕಾಶದಿಂದ ಬರುವ ಉಷ್ಣಕಿರಣಗಳನ್ನು ಅಳೆಯುವ ಸೂಕ್ಷ್ಮೋಪಕರಣವೊಂದನ್ನೂ ರಚಿಸಿದನು. ಇದನ್ನು ಮುದಿತನದ ಆಟವೆಂದು ಬಗೆಯಬೇಕಾಗಿಲ್ಲ. ನಿಲ್ಲದ್ದನ್ನು ನಿಲ್ಲಿಸುವುದೇ ಆತನ ಜೀವನದ ವ್ರತವಾಗಿತ್ತು. 1923ನೆಯ ಇಸವಿ ಮಾರ್ಚ್ 27ರಂದು, ಎಂಬತ್ತು ವರ್ಷ ಮೀರಿದ ಡ್ಯೂವಾರ್ ತಾನು ನಲವತ್ತಾರು ವರ್ಷ ಬೆಳಗಿದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿಯೇ ಕಣ್ಣುಮುಚ್ಚಿದನು.

ಆತ ತೀರಿಕೊಂಡು ನೂರು ವರ್ಷಗಳು ದಾಟಿವೆ. ಶೈತ್ಯದ ಯಂತ್ರಗಳು ಬಹಳ ಸುಧಾರಿಸಿವೆ. ಆದರೆ ಕಾರ್ನೋ ಹಾಕಿದ ಮೇರೆಯನ್ನು ಯಾವುದೂ ಮುಟ್ಟಿಲ್ಲ. ಹೀಲಿಯಮಿನ ಮಟ್ಟದಿಂದ ಒಂದು ವ್ಯಾಟ್ ಶಾಖವನ್ನು ಎತ್ತಲು ಆದರ್ಶಕ್ಕೆ 70 ವ್ಯಾಟ್ ಸಾಕಾದರೆ, ಅತ್ಯುತ್ತಮವಾದ ದೊಡ್ಡ ಯಂತ್ರಗಳಿಗೂ ಸುಮಾರು 250 ವ್ಯಾಟ್ ಬೇಕು. ಚಿಕ್ಕವಕ್ಕೆ ಸಾವಿರವೂ ಸಾಲದು. ಒಂದು ಕಿಲೋ ಜಲಜನಕವನ್ನು ದ್ರವವಾಗಿಸಲು ಆದರ್ಶದ ಲೆಕ್ಕದಲ್ಲಿ ಸುಮಾರು 4 ಯೂನಿಟ್ ವಿದ್ಯುತ್ ಸಾಕು. ಕಾರ್ಖಾನೆಗಳು 10 ಯೂನಿಟ್ಟಿಗೂ ಮಿಗಿಲಾಗಿ ಸುಡುತ್ತವೆ. ಅದನ್ನು ಉರಿಸಿದರೆ ದೊರೆಯುವುದೇ 33 ಯೂನಿಟ್ಟಿನಷ್ಟು. ಎಂದರೆ ಮೂರರಲ್ಲಿ ಒಂದು ಪಾಲು ಶೈತ್ಯದ ಸುಂಕಕ್ಕೇ ಹೋಯಿತು. 2014ರ ಜನವರಿಯಲ್ಲಿ ಭಾರತದ ರಾಕೆಟ್ಟು ದೇಶದಲ್ಲಿಯೇ ರೂಪಿಸಿದ ಕ್ರಯೋಜೆನಿಕ್ ಎಂಜಿನ್ನಿನ ಬಲದಿಂದ ಉಪಗ್ರಹವನ್ನು ಮೊದಲ ಬಾರಿಗೆ ಕಕ್ಷೆ ಸೇರಿಸಿದಾಗ, ಅದರ ತೊಟ್ಟಿಗಳಲ್ಲಿದ್ದದ್ದು 1898ರಲ್ಲಿ ಡ್ಯೂವಾರ್ ಬೊಗಸೆಯಷ್ಟು ಹಿಡಿದ ಅದೇ ದ್ರವ ಜಲಜನಕ. ಇಷ್ಟು ತುಟ್ಟಿಯಾದದ್ದನ್ನು ಬಳಸುವ ವಿದ್ಯೆಯಲ್ಲಿ, ಎಷ್ಟು ಉತ್ಪಾದಿಸಿದೆವೆಂಬುದಕ್ಕಿಂತ ಎಷ್ಟು ಸೋರದಂತೆ ಉಳಿಸಿದೆವೆಂಬುದೇ ಮುಖ್ಯ.

ಉಷ್ಣದ ಸೋರಿಕೆಯನ್ನು ಯಾರೂ ಪೂರ್ತಿಯಾಗಿ ತಡೆಯಲಾರರು, ನಿಧಾನಗೊಳಿಸಬಲ್ಲರು, ಅಷ್ಟೆ. ಪ್ರಕೃತಿಯ ನಿಯಮ ಅಷ್ಟನ್ನೇ ಮನುಷ್ಯನಿಗೆ ಬಿಟ್ಟುಕೊಟ್ಟಿದೆ. ಆ ಅಷ್ಟರಲ್ಲಿಯೇ ಎಷ್ಟೊಂದು ಕೆಲಸವಾಗುತ್ತದೆಂಬುದಕ್ಕೆ ಡ್ಯೂವಾರ್ ಸಾಕ್ಷಿ. ಆದರೆ ಗೋಡೆಗಳ ನಡುವೆ ಶೂನ್ಯವನ್ನಿಟ್ಟು ಶೈತ್ಯವನ್ನು ಕಾಯ್ದವನು, ಮನುಷ್ಯರ ನಡುವೆಯೂ ಅಂಥದೇ ಶೂನ್ಯವನ್ನು ಬಿಟ್ಟನು. ಪಾತ್ರೆಗೆ ಗುಣವಾದದ್ದು ಪ್ರಯೋಗಶಾಲೆಗೆ ದೋಷವಾಯಿತು. ರ‍್ಯಾಮ್ಸೆಯ ಹೀಲಿಯಮೂ ಡ್ಯೂವಾರನ ಶೈತ್ಯವೂ ಒಂದೇ ಮೇಜಿನ ಮೇಲೆ ಕೂಡಿದ್ದರೆ 1908ರ ಆ ದಿನ ಲಂಡನ್ನಿಗೇ, ಅದೂ ಕೆಲವು ವರ್ಷ ಮೊದಲೇ, ಬರುತ್ತಿತ್ತೇನೋ. ವಿದ್ಯೆಯಲ್ಲಿ ಆಗುವ ನಷ್ಟಗಳೆಲ್ಲವೂ ಯಂತ್ರದ ನಷ್ಟಗಳಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿಗಳು ಆತನ ಚರಿತ್ರೆಯಿಂದ ಅರಿಯಬೇಕು. ಸದ್ಯಕ್ಕೆ ಆತನ ಹೆಸರನ್ನು ಅರಿಯದ ಹಳ್ಳಿಗಳಲ್ಲಿ ಆತನ ಪಾತ್ರೆ ತನ್ನ ಕಾವಲನ್ನು ಕಾಯುತ್ತಿದೆ. ಒಳ್ಳೆಯ ಪಾತ್ರೆಯಾದರೆ ದಿನಕ್ಕೆ ಒಂದು ಲೋಟಕ್ಕಿಂತ ಹೆಚ್ಚು ಸಾರಜನಕ ಹಾರಿಹೋಗುವುದಿಲ್ಲ. ಅದರ ಒಳಗಿನ ಜೀವಬೀಜ ಬಿಸಿಲಿನ ನಾಡಿನಲ್ಲಿ ಕೆಡದೆ, ಯಾವುದೋ ಕೊಟ್ಟಿಗೆಯಲ್ಲಿ ಕರುವಾಗಿ ಕಣ್ಣುಬಿಡಲು ಕಾದಿರುತ್ತದೆ.